ಊರಿಗೆ ಬಂದು ಹೋದಿರಂತೆ!

ನಮ್ಮ ಸಂಘದ ಕಳೆದ ಸಭೆಯಲ್ಲಿ ತರುಣ ಸದಸ್ಯರೊಬ್ಬರು ಒಂದು ಸೂಚನೆಯನ್ನು ಮುಂದಿಟ್ಟರು. ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಏಪ್ರಿಲ್ ಕೊನೆಗೆ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೆ ಸಂಘದ ವತಿಯಿಂದ ಒಂದು ತಂಡ ಹೋಗಬೇಕು, ಓಡುವವರು ಓಡಲಿ, ಓಡದವರು ಊರು ನೋಡಲಿ, ಸಂಸಾರ ಸಮೇತ ಬೆಂಗಳೂರಿಗೆ ಹೋಗಿಬರಲು ಇದಕ್ಕಿಂತ ಒಳ್ಳೆಯ ನೆಪ ಬೇರೆ ಸಿಗದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಆಮೇಲೆ ಅವರು ಅಚ್ಚುಕಟ್ಟಾಗಿ ಟೈಪು ಮಾಡಿ ತಂದಿದ್ದ ಕಾರ್ಯಕ್ರಮದ ಪಟ್ಟಿಯನ್ನು ಹಂಚಿದರು. ಅದನ್ನು ನಾರಾಯಣಗೂಡದ ಮನೆಗೆ ತಂದು, ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಓದಿದೆವು. ಓದಿದ ಮೇಲೆ, ತಟ್ಟಿದ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ಸಂಘದ ನಿಯಮಾವಳಿಯಲ್ಲಿ ಏನಾದರೂ ಇದೆಯೇ ಎನ್ನಿಸಿತು.

ಪಟ್ಟಿ ಹೀಗಿದೆ. ಶುಕ್ರವಾರ ಸಂಜೆ ಕಾಚಿಗೂಡದಿಂದ ರೈಲು. ಶನಿವಾರ ಬೆಳಿಗ್ಗೆ ಹೋಟೆಲು, ಸ್ನಾನ, ತಿಂಡಿ. ಹತ್ತು ಗಂಟೆಗೆ ಬಿಬ್ ತರಲು ಹೊರಡುವುದು. (ಬಿಬ್ ಎಂದರೆ ಓಡುವವರು ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿ. ಇದನ್ನು ಹಿಂದಿನ ದಿನಗಳಲ್ಲೇ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಓಟದ ದಿನ ಬೆಳಿಗ್ಗೆ ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ.) ಮಧ್ಯಾಹ್ನ ಲಾಲ್‌ಬಾಗ್ ಅಥವಾ ಅಂಗಡಿ ಬೀದಿ. ಸಂಜೆ ಆರೂವರೆಗೆ ಊಟ, ಎಂಟಕ್ಕೆ ನಿದ್ರೆ. ಭಾನುವಾರ ಬೆಳಗಿನ ಜಾವ ಮೂರೂವರೆಗೆ ಏಳುವುದು, ಓಟ. ಹತ್ತಕ್ಕೆ ಹೋಟೆಲಿಗೆ ವಾಪಸು. ಹನ್ನೆರಡಕ್ಕೆ ಕೋಣೆ ಖಾಲಿ. ಊಟ. ಸಂಜೆ ರೈಲು. ಸೋಮವಾರ ಬೆಳಿಗ್ಗೆ ಕಾಚಿಗೂಡ, ಅಲ್ಲಿಂದ ಅವರವರ ಆಫೀಸು. ಇಷ್ಟಾದ ಮೇಲೆ ಹಾಳೆಯ ಅಡಿಯಲ್ಲಿ ಒಂದು ಸಾಲು: “ಸಮಯವಿದ್ದರೆ ಬಂಧುಗಳ ಭೇಟಿ.”

ನಮ್ಮ ತಕರಾರು ಈ ಕೊನೆಯ ಸಾಲಿನ ಬಗ್ಗೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಂದ್ರ ಸರ್ಕಾರದ ಕಡತಗಳ ನಡುವೆ ಕುಳಿತವರಿಗೆ ಇಂಥ ಸಾಲುಗಳ ಅರ್ಥ ಚೆನ್ನಾಗಿ ಗೊತ್ತು. “ಹಣ ಲಭ್ಯವಿದ್ದಲ್ಲಿ ಪರಿಶೀಲಿಸಲಾಗುವುದು” ಎಂದು ಬರೆದ ಕೆಲಸ ನಡೆದದ್ದನ್ನು ನಾವು ಕಂಡಿಲ್ಲ. ಮೊದಲ ಸಾಲಿನಿಂದ ಕೊನೆಯದರವರೆಗೆ ಎಲ್ಲಕ್ಕೂ ಗಂಟೆ ನಿಗದಿ ಮಾಡಿ, ಒಂದಕ್ಕೆ ಮಾತ್ರ “ಸಮಯವಿದ್ದರೆ” ಎಂದು ಬರೆದರೆ, ಅದಕ್ಕೆ ಸಮಯ ಇರುವುದಿಲ್ಲ ಎಂದೇ ಅರ್ಥ.

ಮುಂದೆ ಹೋಗುವ ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು. ನಾವು ಓಟದ ವಿರೋಧಿಗಳಲ್ಲ. “ದುಡ್ಡು ಕೊಟ್ಟು ಯಾಕ್ರೀ ಓಡಬೇಕು, ನಮ್ಮ ಮೇಲ್ಕೋಟೆ ಪಾರ್ಕಿನಲ್ಲಿ ಸುಮ್ಮನೆ ಹತ್ತು ಸುತ್ತು ಹಾಕಿದರೆ ಆಗದೆ?” ಎಂದು ಹಾಸ್ಯ ಮಾಡುವ ಹಿರಿಯರ ಪಂಗಡಕ್ಕೆ ನಾವು ಸೇರಿದವರಲ್ಲ. ನಮ್ಮ ಮನೆಯವರೇ ಓಡುತ್ತಾರೆ. ಮೂರು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿದೆ ಎಂದು ಡಾಕ್ಟರು ಹೇಳಿದ ಮೇಲೆ ಅದೇ ಮೇಲ್ಕೋಟೆ ಪಾರ್ಕಿನಲ್ಲಿ ನಡೆಯಲು ಶುರು ಮಾಡಿದರು. ನಡಿಗೆ ಬಿರುಸಾಯಿತು, ಬಿರುಸು ನಡಿಗೆ ಓಟವಾಯಿತು. ನಲವತ್ತು ದಾಟಿದ ಹೆಂಗಸು ಸೀರೆಯ ಬದಲು ಟ್ರ್ಯಾಕ್ ಪ್ಯಾಂಟು ತೊಟ್ಟು ಬೆಳಗಿನ ಐದು ಗಂಟೆಗೆ ನಾರಾಯಣಗೂಡದ ಬೀದಿಯಲ್ಲಿ ನಿಶ್ಚಿಂತೆಯಿಂದ ಓಡುವುದನ್ನು ನೋಡಿದಾಗ ನಮಗೆ ಹೆಮ್ಮೆಯೇ ಆಗುತ್ತದೆ. ಆದ್ದರಿಂದ ಓಟದ ಮೇಲೆ ನಮಗೆ ಸಿಟ್ಟಿಲ್ಲ. ಓಟದ ಸುತ್ತ ಕಟ್ಟುವ ಪ್ರವಾಸದ ಮೇಲೆ ಸಿಟ್ಟು.

ಈ ಸಿಟ್ಟು ನಮಗೆ ಮೊದಲು ಬಂದದ್ದು 2025ರ ಆಗಸ್ಟಿನಲ್ಲಿ. ನಮ್ಮ ಹೈದರಾಬಾದಿನ ಮ್ಯಾರಥಾನ್ ಆಗಸ್ಟ್ ತಿಂಗಳ ಕೊನೆಯ ಭಾಗದಲ್ಲಿ ನಡೆಯುವುದು ಓದುಗರಿಗೆ ಗೊತ್ತೇ ಇದೆ. ಹುಸೇನ್ ಸಾಗರದ ದಡದ ಪೀಪಲ್ಸ್ ಪ್ಲಾಜಾದಲ್ಲಿ ಹೊರಟವರು ಪಂಜಾಗುಟ್ಟ, ಜೂಬಿಲಿ ಹಿಲ್ಸ್ ದಾಟಿ, ಸೇತುವೆ ಏರಿ ಇಳಿದು ಗಚ್ಚಿಬೌಲಿಯ ಕ್ರೀಡಾಂಗಣದಲ್ಲಿ ನಿಲ್ಲುತ್ತಾರೆ. ಏರಿಳಿತದ ಕಷ್ಟದ ಹಾದಿಯೆಂದು ಓಟಗಾರರಲ್ಲಿ ಇದಕ್ಕೆ ಹೆಸರಿದೆ. ಅದರಲ್ಲಿ ಓಡಲು ಬೆಂಗಳೂರಿನಿಂದ ನಮ್ಮ ಅಣ್ಣನ ಮಗ ಬಂದ. ಹುಡುಗ ಒಳ್ಳೆಯವನು, ಕೈತುಂಬ ಸಂಬಳ, ಕೆಟ್ಟ ಚಟ ಒಂದೂ ಇಲ್ಲ. “ಚಿಕ್ಕಪ್ಪಾ, ನಿಮ್ಮನೆಗೇ ಬರ್ತೀನಿ, ಹೋಟೆಲಿಗೆ ಹೋಗಲ್ಲ” ಎಂದು ಅವನೇ ಫೋನು ಮಾಡಿದ. ನಮ್ಮ ಮನೆಯಲ್ಲಿ ಎರಡು ದಿನ ಮೊದಲೇ ಹಬ್ಬ ಬಂತು. ಅವನು ಚಿಕ್ಕವನಾಗಿದ್ದಾಗ ಇಷ್ಟಪಡುತ್ತಿದ್ದ ಮಾವಿನಕಾಯಿ ಗೊಜ್ಜಿಗಾಗಿ ಆ ಕಾಲವಲ್ಲದ ಕಾಲದಲ್ಲಿ ಮಾವಿನಕಾಯಿ ಹುಡುಕಿದೆವು.

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬಂದ, ಮಲಗಿದ. ಶನಿವಾರ ಬೆಳಿಗ್ಗೆ ಎದ್ದವನು ಬಿಬ್ ತರಲು ಊರಿನ ಇನ್ನೊಂದು ತುದಿಗೆ ಹೋದ. ಹೋದವನು ಸ್ನೇಹಿತರ ಜೊತೆ ಚಾರ್‌ಮಿನಾರ್ ನೋಡಿಕೊಂಡು ಸಂಜೆ ಐದಕ್ಕೆ ಬಂದ. ಗೊಜ್ಜು ನೋಡಿ, “ಚಿಕ್ಕಮ್ಮಾ, ಇವತ್ತು ಖಾರ ಹುಳಿ ಮುಟ್ಟೋ ಹಾಗಿಲ್ಲ” ಎಂದು ಬಿಳಿ ಅನ್ನ, ಮೊಸರು, ಎರಡು ಬಾಳೆಹಣ್ಣು ತಿಂದು ಏಳೂವರೆಗೆ ದೀಪ ಆರಿಸಿದ. ಅವನ ನಿದ್ದೆ ಕೆಡಬಾರದೆಂದು ನಾವು ಟಿ.ವಿ. ಹಾಕಲಿಲ್ಲ, ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದೆವು. ಬೆಳಗಿನ ಜಾವ ಮೂರೂವರೆಗೆ ಎದ್ದು, ನಾವು ಸ್ಕೂಟರಿನಲ್ಲಿ ಬಿಡುತ್ತೇವೆಂದರೂ ಕೇಳದೆ, ಬಾಡಿಗೆ ಕಾರು ಕರೆಸಿಕೊಂಡು ಬ್ಯಾಗಿನ ಸಮೇತ ಹೊರಟ. ಓಟ ಮುಗಿಯುವುದು ಗಚ್ಚಿಬೌಲಿಯಲ್ಲಿ. ಅಲ್ಲಿಂದ ರಿಂಗ್ ರಸ್ತೆ ಹಿಡಿದರೆ ನೇರವಾಗಿ ಶಂಷಾಬಾದ್ ವಿಮಾನ ನಿಲ್ದಾಣ. ಮತ್ತೆ ಇಪ್ಪತ್ತು ಕಿಲೋಮೀಟರ್ ಹಿಂದಕ್ಕೆ ನಾರಾಯಣಗೂಡಕ್ಕೆ ಯಾಕೆ ಬರಬೇಕು? ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಭಾನುವಾರ ಮಧ್ಯಾಹ್ನ ಮೆಡಲು ಹಾಕಿಕೊಂಡ ಫೋಟೋ ಬಂತು, “ಥ್ಯಾಂಕ್ಸ್ ಚಿಕ್ಕಪ್ಪ” ಎಂಬ ಒಕ್ಕಣೆಯೊಂದಿಗೆ. ಎರಡು ರಾತ್ರಿ ನಮ್ಮ ಮನೆಯಲ್ಲಿದ್ದ ಹುಡುಗನ ಜೊತೆ ನಾವು ಆಡಿದ ಮಾತು ಒಟ್ಟು ಅರ್ಧ ಗಂಟೆಯದೂ ಅಲ್ಲ. ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮಿನ ಕೆಲಸವನ್ನು ನಮ್ಮ ಮನೆ ಮಾಡಿತ್ತು.

ಗೊಜ್ಜನ್ನು ನಾವೇ ಮೂರು ದಿನ ತಿಂದೆವು. ನಾಲ್ಕನೆಯ ದಿನ ಈ ಪತ್ರಿಕೆಗೆ ಕಟುವಾದ ಲೇಖನವೊಂದನ್ನು ಬರೆಯಲು ಕುಳಿತೆವು. “ಇಂದಿನ ಯುವಜನತೆ” ಎಂದು ಮೊದಲ ಸಾಲು ಬರೆದದ್ದೂ ಆಯಿತು. ಅಷ್ಟರಲ್ಲಿ ನಮ್ಮ ಮನೆಯವರು ಕಾಫಿ ತಂದಿಟ್ಟು, “ಏಪ್ರಿಲ್‌ನಲ್ಲಿ ನಾವು ಮಾಡಿದ್ದೇನು?” ಎಂದು ಒಂದು ಪ್ರಶ್ನೆ ಕೇಳಿದರು. ಲೇಖನ ಅಲ್ಲಿಗೇ ನಿಂತಿತು.

ಏಪ್ರಿಲ್‌ನಲ್ಲಿ ನಾವು ಮಾಡಿದ್ದನ್ನು ಹೇಳದೆ ಈ ವಾದವನ್ನು ಮುಂದುವರಿಸುವ ಹಕ್ಕು ನಮಗಿಲ್ಲ. 2025ರ ಏಪ್ರಿಲ್ 27ರ ಭಾನುವಾರ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ. (ಹತ್ತು ಕಿಲೋಮೀಟರ್ ಓಟವನ್ನು ಮ್ಯಾರಥಾನ್ ಎನ್ನುವ ರೂಢಿ ನಮ್ಮಲ್ಲಿ ಬಂದಿದೆ. ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್. ಬಿ.ಎಸ್ಸಿ. ಓದಿದ ಪಾಪಕ್ಕೆ ಇಷ್ಟನ್ನು ತಿದ್ದದಿರಲು ನಮ್ಮಿಂದ ಆಗುತ್ತಿಲ್ಲ.) ಅಂದು ಅದೇ ರಸ್ತೆಗಳಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೈ 28 ನಿಮಿಷದೊಳಗೆ ಓಡಿ ಗೆದ್ದ. ನಮ್ಮ ಮನೆಯವರು ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ತೆಗೆದುಕೊಂಡರು. ನಮ್ಮ ಮಟ್ಟಿಗೆ ಅದೇ ದೊಡ್ಡ ಗೆಲುವು. ನಾವು ನಾಲ್ವರೂ ಹೋಗಿದ್ದೆವು. ಹೆಸರು ನೋಂದಾಯಿಸಿದ್ದು ತಿಂಗಳುಗಟ್ಟಲೆ ಮುಂಚೆ. ರೈಲಿನ ಟಿಕೆಟ್ಟು ತೆಗೆದದ್ದು ಬರೋಬ್ಬರಿ ಅರವತ್ತು ದಿನ ಮುಂಚೆ, ಬುಕಿಂಗ್ ತೆರೆದ ಬೆಳಿಗ್ಗೆಯೇ. (ಹಿಂದೆ 120 ದಿನವಿದ್ದ ಮುಂಗಡ ಅವಧಿಯನ್ನು ರೈಲ್ವೆಯವರು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿಸಿದ್ದಾರೆ.) ಹೋಟೆಲಿನ ಕೋಣೆ ಒಂದು ತಿಂಗಳು ಮುಂಚೆ. ಹನುಮಂತನಗರದಲ್ಲಿರುವ ನಮ್ಮ ಚಿಕ್ಕಮ್ಮನಿಗೆ ತಿಳಿಸಿದ್ದು ಯಾವಾಗ? ತಿಳಿಸಲೇ ಇಲ್ಲ. ಭಾನುವಾರ ಓಟ ಮುಗಿದ ಮೇಲೆ ಸಮಯವಿದ್ದರೆ ಹೋಗಿ ಬಾಗಿಲು ತಟ್ಟೋಣ, ಆಶ್ಚರ್ಯಪಡಲಿ ಎಂದುಕೊಂಡಿದ್ದೆವು.

ಸಮಯವಿರಲಿಲ್ಲ. ಓಟ ಮುಗಿದರೂ ಫೋಟೋ ಮುಗಿಯಲಿಲ್ಲ. ಮಗನಿಗೆ ಹಸಿವು, ಮಗಳಿಗೆ ನಿದ್ದೆ. ಕೋಣೆ ಖಾಲಿ ಮಾಡುವ ಗಡಿಬಿಡಿ. ನಾಲ್ಕು ಬ್ಯಾಗು ಹೊತ್ತು ಹನುಮಂತನಗರಕ್ಕೆ ಹೋಗಿ ಮತ್ತೆ ಸ್ಟೇಷನ್ನಿಗೆ ಬರುವುದು ಹೇಗೆಂದು ಹೋಟೆಲಿನ ಕೆಳಗೆ ನಿಂತು ಮುಕ್ಕಾಲು ಗಂಟೆ ಚರ್ಚೆ ಮಾಡಿ, ಹೋಗುವುದಕ್ಕಾಗುತ್ತಿದ್ದ ಮುಕ್ಕಾಲು ಗಂಟೆಯನ್ನು ಅಲ್ಲೇ ಕಳೆದೆವು. ಕಡೆಗೆ ನೇರವಾಗಿ ರೈಲು ಹತ್ತಿದೆವು. ಬುಧವಾರ ಚಿಕ್ಕಮ್ಮನ ಫೋನು ಬಂತು. ಯಾರೋ ಮೊಮ್ಮಕ್ಕಳು ಮೆಡಲಿನ ಫೋಟೋ ತೋರಿಸಿದ್ದರಂತೆ. “ಏನಪ್ಪಾ, ಊರಿಗೆ ಬಂದು ಹೋದಿರಂತೆ. ಓಟ ಚೆನ್ನಾಗಿ ಆಯ್ತಾ? ಅವಳಿಗೆ ಕಾಲು ನೋವು ಇಲ್ಲ ತಾನೆ? ಒಂದಿಷ್ಟು ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು ಅನ್ನು” ಎಂದರು. ಎಪ್ಪತ್ತನಾಲ್ಕು ವರ್ಷದ ಹೆಂಗಸು. ದೂರು ಇಲ್ಲ, ಮುನಿಸಿಲ್ಲ. ಬೈದಿದ್ದರೆ ನಾವೂ ಏನಾದರೊಂದು ನೆಪ ಹೇಳಿ ಗೆಲ್ಲುತ್ತಿದ್ದೆವು. “ಬಂದು ಹೋದಿರಂತೆ” ಎಂಬ ಮಾತಿಗೆ ಉತ್ತರವಾಗಿ ನಮ್ಮ ಹತ್ತಿರ ಏನೂ ಇರಲಿಲ್ಲ. ಆಗಸ್ಟಿನಲ್ಲಿ ಅಣ್ಣನ ಮಗ ನಮಗೆ ಮಾಡಿದ್ದಕ್ಕಿಂತ ಏಪ್ರಿಲ್‌ನಲ್ಲಿ ನಾವು ಮಾಡಿದ್ದು ದೊಡ್ಡ ತಪ್ಪು. ಅವನು ಮನೆಗಾದರೂ ಬಂದಿದ್ದ.

ಆದ್ದರಿಂದ ಈಗ ಹೇಳುವ ಮಾತನ್ನು ಯುವಜನತೆಗೆ ಹಿರಿಯರು ಮಾಡುವ ಉಪದೇಶವೆಂದು ತಿಳಿಯಬೇಡಿ. ನಾರಾಯಣಗೂಡ, ಕಾಚಿಗೂಡ, ಬರ್ಕತ್‌ಪುರ, ಹಿಮಾಯತ್‌ನಗರಗಳಲ್ಲಿ ನೆಲೆಸಿರುವ ನಾವೆಲ್ಲರೂ ಈ ರೋಗಕ್ಕೆ ಸಿಕ್ಕಿದ್ದೇವೆ. “ಒಂದೇ ಖರ್ಚಿನಲ್ಲಿ ಎರಡು ಕೆಲಸ” ಎಂಬುದು ನಮ್ಮಂಥ ಸಂಬಳದವರ ಹಳೆಯ ಮಂತ್ರ. ಇಲಾಖೆಯ ಪರೀಕ್ಷೆಗೆ ಹೋದಾಗ ತಂಗಿಯ ಮನೆ, ಮದುವೆಗೆ ಹೋದಾಗ ಹಂಪೆ. ಇದರಲ್ಲಿ ಉಳಿತಾಯವಿದೆ, ಒಪ್ಪೋಣ. ಆದರೆ ಎರಡು ಕೆಲಸದಲ್ಲಿ ಒಂದಕ್ಕೆ ಗಂಟೆಯ ಕಟ್ಟುಪಾಡಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಕಟ್ಟುಪಾಡಿನ ಕೆಲಸವೇ ಎಲ್ಲ ಹೊತ್ತನ್ನೂ ನುಂಗುತ್ತದೆ. ಓಟಕ್ಕೆ ಹೊರಡುವ ಗಂಟೆ ಇದೆ, ಬಿಬ್ ಕೊಡುವ ಕೌಂಟರಿಗೆ ಮುಚ್ಚುವ ಗಂಟೆ ಇದೆ, ರೈಲಿಗೆ ಇದೆ. ಚಿಕ್ಕಮ್ಮನ ಮನೆಯ ಬಾಗಿಲು ಮಾತ್ರ ಸದಾ ತೆರೆದೇ ಇರುತ್ತದೆ. ಯಾವಾಗಲಾದರೂ ಹೋಗಬಹುದಾದ ಮನೆಗೆ ಯಾವಾಗಲೂ ಹೋಗುವುದಿಲ್ಲ.

ಸಭೆಯಲ್ಲಿ ನಾವು ಈ ಮಾತನ್ನೆತ್ತಿದ್ದರೆ ಏನೇನು ಉತ್ತರ ಬರುತ್ತಿತ್ತೆಂದು ನಮಗೆ ಗೊತ್ತು. ಒಂದೊಂದಾಗಿ ನೋಡೋಣ.

ಮೊದಲ ಉತ್ತರ: “ಈಗ ಬೆಂಗಳೂರಿನವರಿಗೇ ಪುರಸೊತ್ತಿಲ್ಲ. ಎರಡು ಕೋಣೆಯ ಫ್ಲಾಟು, ಒಂದೇ ಬಚ್ಚಲು. ನಾವು ಹೋಗಿ ವಕ್ಕರಿಸಿದರೆ ಅವರಿಗೂ ತೊಂದರೆ.” ಇದರಲ್ಲಿ ಅರ್ಧ ಸತ್ಯವಿದೆ. ಬೆಳಗಿನ ಜಾವ ಮೂರೂವರೆಗೆ ಏಳುವವರು ಹೋಟೆಲಿನಲ್ಲಿ ಉಳಿಯುವುದೇ ಎಲ್ಲರಿಗೂ ಹಿತ. ಆದರೆ ಉಳಿಯುವುದು ಬೇರೆ, ಭೇಟಿಯಾಗುವುದು ಬೇರೆ. ಮಲಗುವುದಕ್ಕೆ ಜಾಗವಿಲ್ಲದ ಮನೆಯಲ್ಲಿ ಕೂರುವುದಕ್ಕೆ ಜಾಗ ಇರುತ್ತದೆ. ಮುಂಚೆ ತಿಳಿಸದೆ ಹೋಗಿ ನಿಂತರೆ ತೊಂದರೆ. ಎರಡು ತಿಂಗಳು ಮುಂಚೆ ತಿಳಿಸಿದರೆ ಯಾರ ಪುರಸೊತ್ತೂ ಒದಗುತ್ತದೆ.

ಎರಡನೆಯ ಉತ್ತರ: “ರಜೆ ಇಲ್ಲ.” ಕೇಂದ್ರ ಸರ್ಕಾರದ ನೌಕರರಾದ ನಮಗೆ ವರ್ಷಕ್ಕೆ ಎಂಟು ಸಾಂದರ್ಭಿಕ ರಜೆ ಇವೆ. ಅದರಲ್ಲಿ ಒಂದನ್ನು ಓಟದ ಮರುದಿನದ ಸೋಮವಾರಕ್ಕೆ ಹಾಕಿದರೆ ಪ್ರಳಯವಾಗುವುದಿಲ್ಲ. ಅಷ್ಟೇ ಅಲ್ಲ, ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡು ಸಲ ಸ್ವಂತ ಊರಿಗೆ, ಅಥವಾ ಒಂದು ಸಲ ಊರಿಗೆ, ಇನ್ನೊಂದು ಸಲ ದೇಶದ ಬೇರೆಡೆಗೆ ಹೋಗಿಬರಲು ಸರ್ಕಾರ ಎಲ್.ಟಿ.ಸಿ. ಕೊಡುತ್ತದೆ. ದೂರದ ಊರಿನಲ್ಲಿ ಕೆಲಸ ಮಾಡುವವನಿಗೆ ಊರಿನ ಸಂಪರ್ಕ ಬೇಕೇ ಬೇಕು ಎಂದು ಬೊಕ್ಕಸದಿಂದ ಹಣ ತೆಗೆದು ಸರ್ಕಾರ ಒಪ್ಪಿಕೊಂಡಿದೆ. ಅಷ್ಟು ಒಣ ನಿಯಮಾವಳಿಗೆ ತಿಳಿದ ವಿಷಯ ನಮಗೆ ಮರೆತರೆ ಹೇಗೆ? ಖಾಸಗಿ ಕಂಪನಿಯಲ್ಲಿರುವ ಮಕ್ಕಳಿಗೂ ವರ್ಷಕ್ಕೊಂದು ಸೋಮವಾರ ಸಿಗದೆ ಇರದು. ಪ್ರವಾಸಕ್ಕೆ ಸಿಗುತ್ತಿರುವುದನ್ನು ನೋಡಿದ್ದೇವೆ.

ಮೂರನೆಯ ಉತ್ತರ ಸ್ವಲ್ಪ ಗಟ್ಟಿಯಾದದ್ದು: “ಹಿಂದಿನವರೂ ಜಾತ್ರೆಗೆಂದು ದಿನ ಗೊತ್ತುಮಾಡಿಕೊಂಡು ಪರವೂರಿಗೆ ಹೋಗುತ್ತಿರಲಿಲ್ಲವೆ? ಇದು ಈ ಕಾಲದ ಜಾತ್ರೆ.” ಹೌದು, ಹೋಗುತ್ತಿದ್ದರು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ರಾತ್ರಿಯಿಡೀ ಕಂಪನಿ ನಾಟಕ ನೋಡುತ್ತಿದ್ದರು. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಜನ ಇಂದಿಗೂ ಹೋಗುತ್ತಾರೆ. ಕಲಬುರ್ಗಿಯ ಶರಣಬಸವೇಶ್ವರರ ತೇರಿಗೆ ಈ ಹೈದರಾಬಾದಿನಿಂದಲೇ ಹೋಗಿಬರುವ ಮನೆತನಗಳು ನಮ್ಮ ಸಂಘದಲ್ಲೇ ಇವೆ. ಆದರೆ ಆ ಪ್ರಯಾಣದ ರೀತಿಯನ್ನು ನೆನಪು ಮಾಡಿಕೊಳ್ಳಿ. ಆ ಊರಿನ ನಂಟರೇ “ಜಾತ್ರೆಗೆ ಬನ್ನಿ” ಎಂದು ಕರೆ ಕಳಿಸುತ್ತಿದ್ದರು. ಅವರ ಮನೆಯಲ್ಲಿ ಇಳಿದು, ಅವರ ಜೊತೆ ತೇರು ನೋಡಿ, ಹಬ್ಬದಡುಗೆ ಉಂಡು, ಬೆಂಡು ಬತ್ತಾಸಿನ ಪೊಟ್ಟಣ ಕಟ್ಟಿಸಿಕೊಂಡು ಬಂದು ಇಲ್ಲಿಯ ನೆರೆಹೊರೆಗೆ ಹಂಚುತ್ತಿದ್ದರು. ತೇರಿಗೆ ಗಂಟೆ ಇತ್ತು, ಅದರ ಸುತ್ತ ನಂಟರಿದ್ದರು. ಓಟ ಈ ಕಾಲದ ಜಾತ್ರೆಯಾಗುವುದಾದರೆ ನಮ್ಮ ಒಪ್ಪಿಗೆ ಇದೆ. ಈಗ ಅದು ಆಗಿರುವುದು ತೇರು ಮಾತ್ರ. ಜಾತ್ರೆ ಇನ್ನೂ ಆಗಿಲ್ಲ.

ಮ್ಯಾರಥಾನಿನ ಚರಿತ್ರೆಯೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದಾಗ ದೂತನೊಬ್ಬ ಅಥೆನ್ಸಿಗೆ ಓಡಿಬಂದು “ಗೆದ್ದೆವು” ಎಂದು ಹೇಳಿ ಪ್ರಾಣ ಬಿಟ್ಟನೆಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ನಿಜವೋ ಕಟ್ಟಿದ್ದೋ, ಇರಲಿ. ಅವನು ಓಡಿದ್ದು ತನ್ನವರ ಬಳಿಗೆ, ಅವರಿಗೊಂದು ಸುದ್ದಿ ಮುಟ್ಟಿಸಲಿಕ್ಕೆ. ತನ್ನವರು ಇರುವ ಊರಿಗೆ ಹೋಗಿ, ಓಡಿ, ಯಾರಿಗೂ ಹೇಳದೆ ಹಿಂದಿರುಗಿದ ಕಥೆಯಲ್ಲ ಅದು.

ಇನ್ನು 42 ಕಿಲೋಮೀಟರ್ 195 ಮೀಟರ್ ಎಂಬ ವಿಚಿತ್ರ ಲೆಕ್ಕ. 1896ರಲ್ಲಿ ಅಥೆನ್ಸಿನ ಒಲಿಂಪಿಕ್ಸ್‌ನಲ್ಲಿ ಓಟ ಸುಮಾರು ನಲವತ್ತು ಕಿಲೋಮೀಟರ್ ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಅಂಗಳದಿಂದ ಹೊರಡಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ನಿಲ್ಲಿಸಿದರು. ಆ ದೂರವೇ 26 ಮೈಲಿ 385 ಗಜ. 1921ರಲ್ಲಿ ಅದನ್ನೇ ಜಗತ್ತಿಗೆಲ್ಲ ಖಾಯಂ ಮಾಡಿದರು. ಅರಮನೆಯ ಮಕ್ಕಳು ಓಟ ಹೊರಡುವುದನ್ನು ನೋಡಲೆಂದೇ ಅಂಗಳವನ್ನು ಆರಿಸಿದರೆಂಬ ಮಾತೂ ಇದೆ. ಇಂದು ಜಗತ್ತಿನ ಪ್ರತಿಯೊಬ್ಬ ಮ್ಯಾರಥಾನ್ ಓಟಗಾರನೂ ಆ ಒಂದು ಮನೆಯವರ ಅನುಕೂಲಕ್ಕಾಗಿ ನಿಗದಿಯಾದ ದೂರವನ್ನೇ ಓಡುತ್ತಿದ್ದಾನೆ! ರಾಜನ ಮನೆಯವರಿಗಾಗಿ ಓಟದ ಹಾದಿಯನ್ನೇ ಹೊಂದಿಸಿದರು. ನಮ್ಮ ಮನೆಯವರಿಗಾಗಿ ಹಾದಿ ಬೇಡ, ರೈಲಿನ ಟಿಕೆಟ್ಟನ್ನು ಒಂದು ದಿನ ಮುಂದಕ್ಕೆ ಹಾಕಲಾರೆವೆ?

ಇದೆಲ್ಲ ಬರಿಯ ಮಮತೆಯ ಮಾತಲ್ಲ. ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದರಲ್ಲಿ ಲಾಭ ನಷ್ಟದ ಪ್ರಶ್ನೆಯೂ ಇದೆ. ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಕಲಿಯುತ್ತಾರೆ. ತೆಲಂಗಾಣದಲ್ಲಿ 2018ರ ಕಾನೂನು ಅದನ್ನು ಕಡ್ಡಾಯ ಮಾಡಿದೆ, ಅದು ನ್ಯಾಯವೇ. ಅನ್ನ ಕೊಟ್ಟ ನೆಲದ ಭಾಷೆಯನ್ನು ಕಲಿಯಬೇಕು. ಜೊತೆಗೆ ಹಿಂದಿ, ಇಂಗ್ಲಿಷು. ಕಾಚಿಗೂಡದ ನೃಪತುಂಗ ಶಾಲೆಯಂಥ ಕಡೆ ಓದುವವರನ್ನು ಬಿಟ್ಟರೆ ಉಳಿದವರಿಗೆ ಕನ್ನಡ ಕಿವಿಯಿಂದ ಮಾತ್ರ ಸಿಗಬೇಕು. ಆ ಕಿವಿಗೆ ಬೀಳುವುದು ಅಪ್ಪ ಅಮ್ಮ ಎಂಬ ಎರಡೇ ಬಾಯಿಯ ಕನ್ನಡ; ಅದೂ ಆಫೀಸು ಮುಗಿಸಿ ದಣಿದು ಬಂದವರ, “ಊಟ ಮಾಡು, ಓದು, ಮಲಗು” ಎಂಬ ಮೂರು ಮಾತಿನ ಕನ್ನಡ. ಏಳನೆಯ ತರಗತಿಯ ನಮ್ಮ ಮಗಳು “ನಂಗೆ ಆಕಲಿ ಆಗ್ತಾ ಇದೆ” ಎನ್ನುತ್ತಾಳೆ. ಹಸಿವು ಎಂಬ ಮಾತು ಅವಳಿಗೆ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ.

ಏಪ್ರಿಲ್‌ನ ಅಪರಾಧಕ್ಕೆ ಪ್ರಾಯಶ್ಚಿತ್ತವೆಂದು 2025ರ ದಸರಾ ರಜೆಯಲ್ಲಿ ನಾವು ಹನುಮಂತನಗರಕ್ಕೆ ಹೋದೆವು. ಓಟವಿಲ್ಲ, ಮದುವೆಯಿಲ್ಲ, ಕೆಲಸವಿಲ್ಲ. ಚಿಕ್ಕಮ್ಮನಿಗೇ ಅನುಮಾನ ಬಂದು “ಏನು ವಿಶೇಷ?” ಎಂದು ಎರಡು ಸಲ ಕೇಳಿದರು. ಎರಡನೆಯ ದಿನ ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಕಲಿಸಿದರು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಕಾಯಿ ಕಡಿಯುವುದು, ಹಣ್ಣಾಗುವುದು, ಗರ ಬೀಳುವುದು. ಮೂರು ಗಂಟೆಯ ಆಟದಲ್ಲಿ ಮಗಳು ಜಗಳವಾಡಿದ್ದೂ ಕನ್ನಡದಲ್ಲಿ, ಮೋಸ ಮಾಡಿ ಸಿಕ್ಕಿಬಿದ್ದದ್ದೂ ಕನ್ನಡದಲ್ಲಿ. ಸಂಜೆ ಒಳಗೆ ಬಂದು, “ಚಿಕ್ಕಜ್ಜೀ, ತುಂಬಾ ಹಸಿವು” ಎಂದಳು. ಯಾರೂ ತಿದ್ದಿರಲಿಲ್ಲ. ನಾವು ವರ್ಷವಿಡೀ ತಿದ್ದಿ ಸಾಧಿಸಲಾಗದ್ದು ಒಂದು ಮಧ್ಯಾಹ್ನದಲ್ಲಿ ಆಗಿತ್ತು. ಹೋಟೆಲಿನ ಕೋಣೆಯಲ್ಲಿ ಇದು ಆಗುವುದಿಲ್ಲ. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರೂ ಆಗುವುದಿಲ್ಲ.

ಈ ಹಿನ್ನೆಲೆಯಲ್ಲಿ ಸಂಘದ ಕಾರ್ಯಕ್ರಮಕ್ಕೆ ನಮ್ಮ ತಿದ್ದುಪಡಿಗಳನ್ನು ಸೂಚಿಸುತ್ತಿದ್ದೇವೆ. ಸೂಚನೆಯನ್ನು ತಿರಸ್ಕರಿಸಿ ಎಂದು ಹೇಳುತ್ತಿಲ್ಲ. ತಂಡ ಹೋಗಲಿ, ನಾವೂ ಹೋಗುತ್ತೇವೆ.

ಮೊದಲನೆಯದಾಗಿ, ಹಿಂದಿರುಗುವ ರೈಲು ಭಾನುವಾರ ಬೇಡ, ಸೋಮವಾರ ಸಂಜೆಗಿರಲಿ. ಏಪ್ರಿಲ್ ಕೊನೆಯ ಹೊತ್ತಿಗೆ ನಮ್ಮ ಮಕ್ಕಳ ಶಾಲೆಗಳಿಗೆ ಬೇಸಿಗೆ ರಜೆ ಬಂದಿರುತ್ತದೆ, ಆ ಅಡ್ಡಿಯಿಲ್ಲ. ಕಾಚಿಗೂಡದಿಂದ ಯಶವಂತಪುರಕ್ಕೆ 2023ರ ಸೆಪ್ಟೆಂಬರಿನಿಂದ ವಂದೇ ಭಾರತ್ ಓಡುತ್ತಿದೆ; ರಾತ್ರಿಯ ಗಾಡಿಗಳೂ ಇವೆ. ಸುಮಾರು 600 ಕಿಲೋಮೀಟರ್ ಹಾದಿ ಈಗ ದೊಡ್ಡ ಮಾತಲ್ಲ. ಮೀಟರ್‌ಗೇಜಿನ ಕಾಲದಲ್ಲಿ ಟ್ರಂಕು, ನೀರಿನ ಕೂಜ ಹೊತ್ತು ಹೋಗುತ್ತಿದ್ದ ನಮ್ಮ ಹಿರಿಯರು ಅಲ್ಲಿ ಒಂದು ವಾರಕ್ಕೆ ಕಡಿಮೆ ಇಳಿಯುತ್ತಿರಲಿಲ್ಲ. ಪ್ರಯಾಣದ ಹೊತ್ತು ಕಡಿಮೆಯಾದಷ್ಟೂ ಇರುವ ಹೊತ್ತೂ ಕಡಿಮೆಯಾಗಬೇಕೆಂಬ ನಿಯಮ ಎಲ್ಲಿಯದು?

ಎರಡನೆಯದಾಗಿ, ಓಟಕ್ಕೆ ಹೆಸರು ಕೊಟ್ಟ ದಿನವೇ ನಂಟರಿಗೂ ತಿಳಿಸಬೇಕು. ಎರಡೂ ಒಂದೇ ದಿನ. ಬಿಬ್ ನಂಬರಿನ ಜೊತೆ ಚಿಕ್ಕಮ್ಮನ ಮನೆಗೆ ಹೋಗುವ ಗಂಟೆಯನ್ನೂ ಪಟ್ಟಿಯಲ್ಲಿ ಬರೆಯಬೇಕು: “ಭಾನುವಾರ ಮಧ್ಯಾಹ್ನ 1ರಿಂದ: ಅವರವರ ಬಂಧುಗಳ ಮನೆ.” “ಸಮಯವಿದ್ದರೆ” ಎಂಬ ಮಾತನ್ನು ಹೊಡೆದುಹಾಕಬೇಕು. ಬೇಕಾದರೆ ಲಾಲ್‌ಬಾಗಿನ ಮುಂದೆ ಅದನ್ನು ಹಾಕಿ, ಲಾಲ್‌ಬಾಗ್ ಬೇಸರಪಟ್ಟುಕೊಳ್ಳುವುದಿಲ್ಲ.

ಭೇಟಿಯನ್ನು ಓಟದ ನಂತರಕ್ಕೆ ಇಡಲು ಕಾರಣವಿದೆ. ಹಿಂದಿನ ದಿನ ಓಟಗಾರರ ಮನಸ್ಸು ಬಿಬ್, ಬೂಟು, ನಿದ್ದೆ, ನೀರಿನ ಮೇಲೆ ಇರುತ್ತದೆ. ಅವರ ಮುಂದೆ ಒಬ್ಬಟ್ಟು ಬಡಿಸಿದರೂ ವ್ಯರ್ಥ. ಓಡಿ ದಣಿದು ಬಂದವರಷ್ಟು ಒಳ್ಳೆಯ ಅತಿಥಿಗಳು ಮಾತ್ರ ಬೇರೆ ಇಲ್ಲ. ಬಡಿಸಿದ್ದನ್ನೆಲ್ಲ ತಿನ್ನುತ್ತಾರೆ, ಕೂತಲ್ಲಿಂದ ಏಳಲಾರರು, ಹೇಳಿದ್ದನ್ನೆಲ್ಲ ಕೇಳುತ್ತಾರೆ.

ಮೂರನೆಯದಾಗಿ, ಓಡದವರ ಗತಿ. ಈಗಿನ ಪಟ್ಟಿಯಂತೆ ಅವರು ಬೆಳಗಿನ ಜಾವದಿಂದ ಹತ್ತರವರೆಗೆ ಹೋಟೆಲಿನಲ್ಲಿ ಆಕಳಿಸುತ್ತ ಕೂರಬೇಕು. ಅದರ ಬದಲು ಮಕ್ಕಳು ಮತ್ತು ಹಿರಿಯರು ಶನಿವಾರ ರಾತ್ರಿಯೇ ನಂಟರ ಮನೆಗೆ ಹೋಗಿ ಉಳಿಯಲಿ. ಬೆಳಿಗ್ಗೆ ಆ ಮನೆಯವರನ್ನೂ ಕರೆದುಕೊಂಡು ಓಟದ ಹಾದಿಯ ಪಕ್ಕ ಬಂದು ನಿಲ್ಲಲಿ. ಬೆಂಗಳೂರಿನ ಮೆಟ್ರೋ ಭಾನುವಾರ ಸಾಮಾನ್ಯವಾಗಿ ಏಳಕ್ಕೆ ಶುರುವಾಗುತ್ತದೆ, ಓಟದ ದಿನ ಬೇಗ ಬಿಡುವುದೂ ಉಂಟು, ಮುಂಚೆ ವಿಚಾರಿಸಿಕೊಳ್ಳಬೇಕು. ಯಾವ ರಸ್ತೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬುದನ್ನು ಪೊಲೀಸರು ಹಿಂದಿನ ದಿನಗಳಲ್ಲಿ ಪತ್ರಿಕೆಗಳಿಗೆ ಕೊಡುತ್ತಾರೆ. ಅದನ್ನು ನೋಡಿಕೊಂಡು ಯಾವ ಬದಿಗೆ ನಿಲ್ಲಬೇಕೆಂದು ತೀರ್ಮಾನಿಸಬೇಕು, ಇಲ್ಲವಾದರೆ ಆಚೆ ಬದಿಗೆ ದಾಟಲಾಗದು. ನಮ್ಮ ಮನೆಯವರು ಓಡುವುದನ್ನು ಚಿಕ್ಕಮ್ಮ ಕಣ್ಣಾರೆ ನೋಡಬೇಕೆಂಬುದು ಈಗ ನಮ್ಮ ಆಸೆ. ವಿಂಡ್ಸರ್ ಅರಮನೆಯವರಿಗೆ ಒದಗಿದ ಭಾಗ್ಯ ಹನುಮಂತನಗರಕ್ಕೂ ಒದಗಲಿ.

ನಾಲ್ಕನೆಯದಾಗಿ, ಆಗಸ್ಟಿನಲ್ಲಿ ನಮ್ಮ ಸರದಿ. ಬೆಂಗಳೂರು, ಕಲಬುರ್ಗಿ, ರಾಯಚೂರು, ಬೀದರುಗಳಿಂದ ಹೈದರಾಬಾದಿನ ಓಟಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರಿಗೆ ಯಾವ ಯಾವ ಮನೆ ಬಾಗಿಲು ತೆರೆದಿದೆ ಎಂಬ ಪಟ್ಟಿಯನ್ನು ಸಂಘ ಮಾಡಲಿ. ನಾರಾಯಣಗೂಡ ಅದಕ್ಕೆ ಹೇಳಿಮಾಡಿಸಿದ ಜಾಗ. ಕಾಚಿಗೂಡ ಸ್ಟೇಷನ್ ಪಕ್ಕದಲ್ಲೇ ಇದೆ. ಪೀಪಲ್ಸ್ ಪ್ಲಾಜಾ ನಾಲ್ಕೈದು ಕಿಲೋಮೀಟರ್. ನಮ್ಮ ಮೆಟ್ರೋ ಎಂದಿನಂತೆ ಆರಕ್ಕೆ ಶುರುವಾದರೆ ಓಟಕ್ಕೆ ತಡವಾಗುತ್ತದೆ. ಆದ್ದರಿಂದ ಮೂರೂವರೆಗೆ ಎದ್ದು ಸ್ಕೂಟರಿನಲ್ಲಿ ಬಿಟ್ಟುಬರುವ ಹೊಣೆ ಮನೆಯವರದು. ಹಿಂದಿನ ರಾತ್ರಿ ಗೊಜ್ಜು ಮಾಡಿ ಒತ್ತಾಯಿಸದಿರುವ ಹೊಣೆಯೂ ನಮ್ಮದೇ. ಇಡ್ಲಿ, ಮೊಸರನ್ನ ಸಾಕು. ಬದಲಿಗೆ ಅತಿಥಿಗಳಿಗೆ ಒಂದೇ ಷರತ್ತು: ಬ್ಯಾಗನ್ನು ನಮ್ಮ ಮನೆಯಲ್ಲೇ ಬಿಟ್ಟುಹೋಗಬೇಕು. ಬ್ಯಾಗು ಇಲ್ಲಿದ್ದರೆ ಗಚ್ಚಿಬೌಲಿಯಿಂದ ವಿಮಾನ ನಿಲ್ದಾಣಕ್ಕೆ ಹೋಗಲಾಗುವುದಿಲ್ಲ. ಭಾನುವಾರ ಮಧ್ಯಾಹ್ನ ಗೊಜ್ಜು ಕಾದಿರುತ್ತದೆ.

ಮುಂದಿನ ಸಭೆಯಲ್ಲಿ ಈ ತಿದ್ದುಪಡಿಗಳನ್ನು ನಾವು ಬರಹದಲ್ಲಿ ಮಂಡಿಸುತ್ತೇವೆ. ಒಪ್ಪದವರು ಎದ್ದು ನಿಂತು ವಾದಿಸಲಿ, ಸಂತೋಷವೇ. ಆದರೆ ವಾದಿಸುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ. ಕಳೆದ ಐದು ವರ್ಷಗಳಲ್ಲಿ ತಾವು ಎಷ್ಟು ಸಲ ಬೆಂಗಳೂರಿಗೆ, ಮೈಸೂರಿಗೆ, ಕಲಬುರ್ಗಿಗೆ ಹೋಗಿ ಬಂದಿರಿ, ಅದರಲ್ಲಿ ಎಷ್ಟು ಸಲ ಯಾರ ಮನೆಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ನಮ್ಮ ಹಾಳೆ ಬರೆದಾಗಿದೆ. ಅದನ್ನು ಸಭೆಯಲ್ಲಿ ಓದಲು ನಮಗೆ ನಾಚಿಕೆಯಾಗುತ್ತದೆ, ಆದರೂ ಓದುತ್ತೇವೆ.

ಅಂದ ಹಾಗೆ, ಮುಂದಿನ ಸಲದ ಓಟಕ್ಕೆ ಹೆಸರು ಕೊಡುವ ವಿಷಯವನ್ನು ಚಿಕ್ಕಮ್ಮನಿಗೆ ಈಗಲೇ ತಿಳಿಸಿದ್ದೇವೆ. “ನಿಲ್ಲೋದಕ್ಕೆ ಒಂದು ಸ್ಟೂಲು ತರಬಹುದಾ ಅಲ್ಲಿಗೆ?” ಎಂದು ಕೇಳಿದ್ದಾರೆ.